ಒಳಕೋಣೆಯ ಬೆರಳು, ಪಡಸಾಲೆಯ ಪೇಟಿ

ನನ್ನ ಸೋದರಮಾವನವರಿಗೆ ಸಂಗೀತದ ಗಂಧಗಾಳಿಯೂ ಇಲ್ಲ. ಈ ಸಂಗತಿಯನ್ನು ಅವರಿಗೆ ಇದುವರೆಗೆ ಯಾರೂ ತಿಳಿಸಿಲ್ಲವೆಂಬುದು ಗಜೇಂದ್ರಗಡದವರ ಸೌಜನ್ಯಕ್ಕೆ ಸಾಕ್ಷಿ! ಅವರು ತಾಳ ಹಾಕಿದರೆ ಎಮ್ಮೆ ಗೂಟ ಕೀಳುತ್ತದೆ, ಆಲಾಪ ತೆಗೆದರೆ ನೆರೆಮನೆಯವರು "ಯಾರಿಗೇನಾತ್ರಿ?" ಎಂದು ಓಡಿ ಬರುತ್ತಾರೆ. ಇಂಥವರು, ಮೊಬೈಲುಗಳಿಗೆ ಇನ್ನೂ ಗುಂಡಿಗಳಿದ್ದ ಆ ವರ್ಷಗಳಲ್ಲಿ, ಎರಡು ವಿದ್ಯುತ್ ವಾದ್ಯಗಳನ್ನು ಒಂದುಗೂಡಿಸಲು ಹೊರಟರೆಂದರೆ ನೀವು ನಂಬುವಿರಾ?

ಕಾರಣವಿತ್ತು. ಅವರ ಪಡಸಾಲೆಯಲ್ಲಿ ಪ್ರತಿ ಸೋಮವಾರ ಸಂಜೆ ಹೆಂಗಸರ ಭಜನೆ. ಇಪ್ಪತ್ತು ವರ್ಷಗಳಿಂದ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದವರು ಅವರ ಪತ್ನಿ, ನನ್ನ ಅತ್ತೆ. ಆಕೆ ಬಚ್ಚಲಲ್ಲಿ ಜಾರಿ, ಸೊಂಟದ ಎಲುಬು ಮುರಿದುಕೊಂಡು, ಒಳಕೋಣೆಯ ಮಂಚ ಹಿಡಿದರು. ಮಂಚ ಬಾಗಿಲಲ್ಲಿ ತೂರದು. ಭಜನೆಯ ಮೇಳ ಕೋಣೆಯಲ್ಲಿ ಹಿಡಿಸದು. ದಿಂಬಿಗೊರಗಿ ಪೇಟಿಯ ತಿದಿ ಒತ್ತಲಾಗದು. ಮೂರು ಸೋಮವಾರ ಕಳೆದ ಮೇಲೆ ಮೇಳದ ಹಿರಿಯಳು ಬಂದು, "ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಬರೂ ಸೋಮವಾರದಿಂದ ಲಕ್ಕಲಕಟ್ಟಿಯವರ ಸೊಸಿ ಪೇಟಿ ಹಿಡೀತಾಳ" ಎಂದಳು.

"ಚಲೋ ಆತು ಬಿಡವಾ" ಎಂದ ಅತ್ತೆ ಗೋಡೆಯತ್ತ ಮುಖ ತಿರುಗಿಸಿದರು. ಅಂದು ಊಟ ಮಾಡಲಿಲ್ಲ.

ಮಾಮಾ ಅಂಗಳಕ್ಕೆ ಬಂದು ಊರಿಗೆಲ್ಲ ಕೇಳುವಂತೆ ಘೋಷಿಸಿದರು: "ಸೋಮವಾರ ಪೇಟಿ ನಮ್ಮಾಕೀನ ನುಡಸ್ತಾಳ. ಹಾಸಿಗ್ಯಾಗ ಕುಂತ!"

ರೋಣದ ಮದುವೆ ಆರ್ಕೆಸ್ಟ್ರಾದವರನ್ನು ಕಾಡಿ ಬೇಡಿ ಒಂದು ದೊಡ್ಡ ಕೀಬೋರ್ಡನ್ನೂ ಮೊಳದುದ್ದದ ಒಂದು ಸಿಂಥಸೈಸರನ್ನೂ ತಂದರು. ದೊಡ್ಡದರಲ್ಲಿ ಪೇಟಿಯ ನಾದವಿತ್ತು. ಆದರೆ ಅದನ್ನು ಅತ್ತೆಯ ತೊಡೆಯ ಮೇಲಿಟ್ಟರೆ ಉಳಿದ ಎಲುಬುಗಳಿಗೂ ಅಪಾಯ. ಚಿಕ್ಕದು ಬೆಕ್ಕಿನ ಮರಿಯಂತೆ ತೊಡೆಯ ಮೇಲೆ ಕೂರುತ್ತಿತ್ತು. ದನಿಯೋ, ನೆಗಡಿಯಾದ ಸೊಳ್ಳೆಯದು! ಎರಡನ್ನೂ 'ಮಿಡಿ' ಎಂಬ ವೈರಿನಿಂದ ಜೋಡಿಸಿದರೆ ಚಿಕ್ಕದರ ಮೇಲೆ ಒತ್ತಿದ್ದು ದೊಡ್ಡದರಲ್ಲಿ ನುಡಿಯುತ್ತದಂತೆ. ಕೈಪಿಡಿ ಇಂಗ್ಲಿಷಿನಲ್ಲಿದ್ದುದರಿಂದ ನನಗೆ ಕರೆ ಬಂತು. ವರ್ಷಗಟ್ಟಲೆ ವ್ಯಾಕರಣ ಕಲಿಸಿದ ನಾನು ಕೊನೆಯ ಪುಟದವರೆಗೆ ಓದದೆ ಒಂದು ಗುಂಡಿಯನ್ನೂ ಮುಟ್ಟುವವನಲ್ಲ. ಮಾಮಾ ಎಲ್ಲ ಗುಂಡಿಗಳನ್ನೂ ಒತ್ತಿ ಮುಗಿಸಿದ ಮೇಲೆ ಪುಸ್ತಕ ಹುಡುಕುವವರು.

ಆ ವೈರು ಯಾವ ಅಂಗಡಿಯಲ್ಲಿಯೂ ಸಿಗಲಿಲ್ಲ. ನರಗುಂದದ ರೇಡಿಯೋ ರಿಪೇರಿ ಚಾಚಾ ಹಳೆಯ ಟೇಪ್ ರೆಕಾರ್ಡರಿನ ಐದು ಮುಳ್ಳಿನ ಪಿನ್ನುಗಳನ್ನು ಉದ್ದನೆಯ ವೈರಿಗೆ ಬೆಸೆದುಕೊಟ್ಟರು.

"ಐದರಾಗ ಮೂರ ದುಡೀತಾವು ನೋಡ್ರಿ. ಉಳದೆರಡು ಸುಮ್ಮ ನಿಂತಿರತಾವು."

"ಹಂಗಂದ್ರ ನಮ್ಮ ಗುಡಿ ಕಮಿಟಿ ಇದ್ದಂಗ!" ಎಂದರು ಮಾಮಾ.

ಚಾಚಾ ಕನ್ನಡಕ ಏರಿಸಿ ಕೇಳಿದರು: "ಕಮಿಟ್ಯಾಗ ಮೂರು ಮಂದಿ ದುಡೀತಾರೇನ್ರಿ?"

ಭಾನುವಾರ ಜೋಡಣೆ. ನಾನು ಕೈತೊಳೆದು ಬರುವಷ್ಟರಲ್ಲಿ ಮಾಮಾ ಯಂತ್ರಗಳ ಪೂಜೆ ಮುಗಿಸಿದ್ದರು. ಹೂವು ಏರಿಸಿದ್ದರು, ಸರಿ. ಊದಿನಕಡ್ಡಿ ಬೆಳಗಿದ್ದರು, ಸರಿ. ಆದರೆ ಪಿನ್ನು ಕೂರಬೇಕಾದ ಐದೈದು ರಂಧ್ರಗಳಿಗೂ, ಒಂದನ್ನೂ ಬಿಡದೆ, ಒದ್ದೆ ವಿಭೂತಿ!

"ಇದೇನ್ರಿ ಮಾಮಾ?"

"ಶಕ್ತಿ ಒಳಗ ಬರೂ ಬಾಗಲಾ ಅಲ್ಲೇನೋ? ಬಾಗಲಕ್ಕ ವಿಭೂತಿ ಹಚ್ಚದ ಹ್ಯಾಂಗ ಕರೀತಿ?"

ಎರಡು ತಾಸು ಸೂಜಿ, ಹತ್ತಿ, ಹಲ್ಲುಜ್ಜುವ ಬ್ರಷ್ಷು ಹಿಡಿದು ನಾನು ಆ ಭಕ್ತಿಯನ್ನು ಕೆರೆದು ತೆಗೆದೆ. ಬಳಿಕ ದೊಡ್ಡದನ್ನು ಪಡಸಾಲೆಯಲ್ಲಿ, ಚಿಕ್ಕದನ್ನು ಒಳಗೆ ಅತ್ತೆಯ ತೊಡೆಯ ಮೇಲೆ ಇಟ್ಟು ಮಾಮಾ ವೈರು ಸಿಕ್ಕಿಸಿದರು. ನಾದವಿಲ್ಲ! ನೋಡಿದರೆ, ಒಂದರ 'ಔಟ್' ಎಂಬ ಹೊರಗಿಂಡಿಗೆ ಇನ್ನೊಂದರ 'ಔಟ್' ಅನ್ನೇ ಜೋಡಿಸಿದ್ದಾರೆ.

"ಮತ್ತ? ಸಂಬಂಧ ಅಂದಮ್ಯಾಲ ಸರೀಕರನ್ನ ನೋಡಬೇಕಲ್ಲೋ?"

ಮಂಚದಿಂದ ಅತ್ತೆಯ ದನಿ ಬಂತು: "ಒಂದು ಮನಿಯಿಂದ ಹೊರಗ ಬಿದ್ದಾಕಿ ಇನ್ನೊಂದು ಮನಿ ಒಳಗ ಬರ್ತಾಳ. ನನ್ನ ಕಟಗೊಂಡು ಇಷ್ಟು ವರ್ಷಾತು, ಅಷ್ಟೂ ತಿಳೀಲಿಲ್ಲೇನ್ರಿ?"

ಚಿಕ್ಕದರ 'ಔಟ್' ಅನ್ನು ದೊಡ್ಡದರ 'ಇನ್' ಎಂಬ ಒಳಗಿಂಡಿಗೆ ಜೋಡಿಸಿದೆವು. ಆಗಲೂ ಮೌನ. ಮಾಮಾ ವೈರನ್ನು ಕಿವಿಗೆ ಒತ್ತಿಕೊಂಡು, "ದನಿ ಹರಿಯವಲ್ದು" ಎಂದರು.

"ಅದರಾಗ ದನಿ ಹರಿಯೂದಿಲ್ರಿ ಮಾಮಾ. ಯಾವ ಸ್ವರ ಒತ್ತಿದ್ರು, ಎಷ್ಟು ಜೋರ ಒತ್ತಿದ್ರು, ಯಾವಾಗ ಬಿಟ್ರು, ಅದರ ಅಪ್ಪಣಿ ಅಷ್ಟ ಹೋಗ್ತೈತಿ."

"ಅಪ್ಪಣಿ ಆ ಕಡಿಯಿಂದ, ದುಡಿಮಿ ಈ ಕಡಿ! ನಮ್ಮ ಸಂಸಾರ ನಡದದ್ದ ಹಿಂಗ!"

ಕೈಪಿಡಿಯನ್ನು ಮತ್ತೆ ತೆರೆದೆ. ಚಿಕ್ಕದು ಒಂದನೆಯ ಚಾನೆಲಿನಲ್ಲಿ ಕರೆಯುತ್ತಿದೆ. ದೊಡ್ಡದು ಮೂರನೆಯದರಲ್ಲಿ ಕಿವಿಗೊಟ್ಟಿದೆ. ಐದನೆಯ ತರಗತಿಯ ಹಾಜರಿಯನ್ನು ಏಳನೆಯ ತರಗತಿಯ ಬಾಗಿಲಲ್ಲಿ ಕೂಗಿದರೆ 'ಯಸ್ ಸರ್' ಎನ್ನುವವರಾರು? ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟೆ. ಒಳಗೆ ಅತ್ತೆ ಒಂದು ಬೆರಳಿಟ್ಟರು. ಹೊರಗೆ ಪಡಸಾಲೆ ಷಡ್ಜ ನುಡಿಯಿತು!

ಸೋಮವಾರ ಮೇಳ ಬಂತು. ಕೀಬೋರ್ಡಿನ ಮುಂದೆ ಯಾರೂ ಇಲ್ಲ. ನಾದ ಮಾತ್ರ ತುಂಬಿ ಬರುತ್ತಿದೆ! ಮುದುಕಿಯೊಬ್ಬಳು ಗಾಬರಿಯಿಂದ ಅದಕ್ಕೆ ಕೈಮುಗಿದಳು. ಎರಡನೆಯ ಪದಕ್ಕೆ ಎಲ್ಲರ ಕೊರಳೂ ಬಿಚ್ಚಿಕೊಂಡಿತು. ಹಿರಿಯಳು ಒಳಬಾಗಿಲಿಗೆ ಹೋಗಿ, "ಅಕ್ಕಾರ, ಪೇಟಿ ನಿಮ್ದ. ಲಕ್ಕಲಕಟ್ಟಿ ಸೊಸಿ ನಿಮ್ಮ ಹತ್ರ ಕಲೀಲಿ" ಎಂದಳು.

ಈ ವಿಜಯವನ್ನು ಕೊಚ್ಚಿಕೊಳ್ಳಬೇಕಾದ ಮಾಮಾ ಎಲ್ಲಿ? ಹುಡುಕಿದೆ. ಕೀಬೋರ್ಡಿನ ಹಿಂದೆ, ಗೋಡೆಯ ಸಂದಿಯಲ್ಲಿ, ಮೊಣಕಾಲೂರಿ ಕುಳಿತಿದ್ದರು. ಪಿನ್ನು ಸಡಿಲಗೊಂಡಿತ್ತು, ಕೈಬಿಟ್ಟರೆ ನಾದ ಕಡಿಯುತ್ತಿತ್ತು. ಭಜನೆ ಮುಗಿಯುವವರೆಗೂ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದರು. ಅಂಗಿ ಬೆವರಿನಿಂದ ತೊಯ್ದಿತ್ತು.

ಮಂಗಳವಾದ ಮೇಲೆ ಒಳಗಿನಿಂದ ಅತ್ತೆ ಕೂಗಿದರು: "ರೀ, ನಿಮಗ ಬರೋಬ್ಬರಿ ಕೇಳಿಸ್ತೇನ್ರಿ?"

"ತಾಸೊತ್ತು ನಿನ್ನ ಬೆರಳು ನನ್ನ ಕೈಯಾಗನ ಇದ್ದೂವಲ್ಲ, ಕೇಳದ ಏನಾಗ್ತೈತಿ?" ಎಂದರು ಮಾಮಾ. ಹೆಂಗಸರೆಲ್ಲ ಎದ್ದು ಹೋದರೂ ಅವರು ಪಿನ್ನನ್ನು ಇನ್ನೂ ಬಿಟ್ಟಿರಲಿಲ್ಲ.