ಕೆರೆ ಪಾರ್ಕಿಗೆ ನಾವಿಬ್ಬರೇ

ಆ ಶುಕ್ರವಾರ ಬೆಳಿಗ್ಗೆ ನೀರು ಕುಡಿಯಲು ಎದ್ದುಹೋಗದೆ ಇದ್ದಿದ್ದರೆ ಪಟ್ಟಿರಾಯನಿಗೆ ಈ ಗತಿ ಬರುತ್ತಿರಲಿಲ್ಲ. ಹೋಗಿ ಬರಲು ಹಿಡಿದದ್ದು ಮೂರೇ ನಿಮಿಷ. ಬಂದು ನೋಡಿದರೆ ಮೇಜಿನ ಮೇಲಿದ್ದ ಕಾಗದ ಮಾಯ.

ಪಟ್ಟಿರಾಯ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ದಾಖಲೆ ವಿಭಾಗದ ಈ ಗುಮಾಸ್ತನಿಗೆ ಪಟ್ಟಿ ಮಾಡದೆ ಕ್ಷೌರಕ್ಕೆ ಹೋಗಿಯೂ ಗೊತ್ತಿಲ್ಲ. ಬರೆದಿಟ್ಟರೆ ಮರೆಯುವುದಿಲ್ಲ ಎಂಬ ಧೈರ್ಯ ಒಂದು ಕಡೆ, ಬರೆದಿಟ್ಟದ್ದೇ ಕಳೆದುಹೋದರೆ ಎಂಬ ಭಯ ಇನ್ನೊಂದು ಕಡೆ. ಇವತ್ತು ಆ ಭಯವೇ ನಿಜವಾಗಿತ್ತು.

ಕಳೆದದ್ದು ಭಾನುವಾರದ ಪಟ್ಟಿ. ಊರಾಚೆ ಒಂದು ಸರಕಾರಿ ಉದ್ಯಾನವಿದೆ, ನಡುವೆ ದೊಡ್ಡ ಕೆರೆ ಇರುವುದರಿಂದ ಎಲ್ಲರೂ ಕೆರೆ ಪಾರ್ಕ್ ಅನ್ನುತ್ತಾರೆ. ಮದುವೆಯಾದ ಒಂಬತ್ತು ವರ್ಷದಲ್ಲಿ ಹೆಂಡತಿಯನ್ನು ಎರಡು ಸಲ ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಮೊದಲ ಸಲ ಅವನ ಅಣ್ಣನ ಸಂಸಾರವಿಡೀ ಜೊತೆಗೆ ಬಂತು. ಎರಡನೆಯ ಸಲ ಕೆಳಗಿನ ಮನೆಯವರು, ಅವರ ನೆಂಟರು, ನೆಂಟರ ಅಳಿಯ. ಎರಡು ಸಲವೂ ಅವಳು ಮರದಡಿ ಕೂತು ಈರುಳ್ಳಿ ಹೆಚ್ಚಿ, ಬಡಿಸಿ, ಪಾತ್ರೆ ತೊಳೆದು ವಾಪಸಾಗಿದ್ದಳು.

"ಈ ಸಲ ನಾವಿಬ್ಬರೇ. ಮೂರನೆಯವರ ನೆರಳು ಕಂಡ್ರೂ ನಾನು ಬಸ್ ಹತ್ತಲ್ಲ. ಇನ್ನು ಮುಂದೆ ನಿಮ್ಮ ಜೊತೆ ಎಲ್ಲಿಗೂ ಬರಲ್ಲ," ಎಂದಿದ್ದಳು. ಕೂಗಾಡಿ ಹೇಳಿದ್ದರೆ ಪಟ್ಟಿರಾಯನಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವಳು ಬಟ್ಟೆ ಮಡಿಸುತ್ತ ಮೆಲ್ಲಗೆ ಹೇಳಿದ್ದಳು.

ಆದ್ದರಿಂದ ಪಟ್ಟಿಯನ್ನು ಅವನು ಬಹಳ ಶ್ರದ್ಧೆಯಿಂದ ಬರೆದಿದ್ದ. ಕೈಗೆ ಸಿಕ್ಕಿದ್ದು ಕಚೇರಿಯ ಹೆಸರು ಅಚ್ಚಾದ ಕಾಗದ. ಅಭ್ಯಾಸಬಲದಿಂದ ಮೇಲೆ 'ವಿಷಯ: ಭಾನುವಾರ' ಎಂದು ಬರೆದು, ಅಡಿಗೆರೆ ಎಳೆದು, ಕ್ರಮಸಂಖ್ಯೆ ಹಾಕಿದ್ದ. ಆರು ಗಂಟೆಯ ಬಸ್ಸು, ಎರಡು ಟೊಪ್ಪಿ, ಹಾಸಲು ಚಾದರ. ಒಂಬತ್ತನೆಯದು ಮಾತ್ರ ಸ್ವಲ್ಪ ಖಾಸಗಿ: 'ದೋಣಿಯಲ್ಲಿ ಅವಳ ಕೈ ಹಿಡಿದುಕೊಳ್ಳುವುದು. ಅವಳಿಗೆ ನೀರಿನ ಭಯ.'

ಪಕ್ಕದ ಮೇಜಿನ ಹೆಡ್ ಕ್ಲರ್ಕ್ ಕಡತದಿಂದ ತಲೆ ಎತ್ತದೆ ಹೇಳಿದರು. "ನಿಮ್ಮ ಮೇಜಿನ ಮೇಲೆ ಸುತ್ತೋಲೆ ಇತ್ತಲ್ಲ, ಸಹಿ ಹಾಕಿ ಮುಂದಕ್ಕೆ ಕಳಿಸ್ದೆ."

ಪಟ್ಟಿರಾಯ ಅವರ ಮೇಜಿನತ್ತ ಬಾಗಿದ. "ಓದಿದ್ರಾ ಸಾರ್?"

"ಇಪ್ಪತ್ತಾರು ವರ್ಷ ಸರ್ವೀಸಾಯ್ತು, ಒಂದು ಸುತ್ತೋಲೆ ಓದಿದವನಲ್ಲ ನಾನು. ಯಾಕೆ, ಏನಿತ್ತು ಅದರಲ್ಲಿ?"

ಅದು ಆ ಕಚೇರಿಯ ಪದ್ಧತಿ. ಸುತ್ತೋಲೆ ಬಂತೆಂದರೆ ಸಹಿ ಹಾಕುವುದು, ಪಕ್ಕದ ಕೋಣೆಗೆ ದಾಟಿಸುವುದು. ಮೂವತ್ತೆರಡು ಮಂದಿಯಲ್ಲಿ ಓದುವ ಕೆಟ್ಟ ಚಾಳಿ ಒಬ್ಬರಿಗೂ ಇರಲಿಲ್ಲ. ಪಟ್ಟಿರಾಯ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಂಜೆಯೊಳಗೆ ಮೂವತ್ತೆರಡು ಸಹಿ ಹೊತ್ತು ಕಾಗದ ಅವನ ಮೇಜಿಗೇ ಬಂದು ಬೀಳುತ್ತಿತ್ತು. ಆದರೆ ಒಂಬತ್ತನೆಯ ಸಾಲು ನೆನಪಾಗಿ ಅವನ ಕಿವಿಯೆಲ್ಲ ಬಿಸಿಯಾಗಿತ್ತು. "ಏನೂ ಇಲ್ಲ ಸಾರ್, ಏನೇನೂ ಇಲ್ಲ," ಎನ್ನುತ್ತ ಓಡಿದ.

ಟಪಾಲು ವಿಭಾಗದಲ್ಲಿ ಕೂರುವ ಹಿರಿಯ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಕಚೇರಿಗೆ ಬರುವ ಕಾಗದಕ್ಕೂ ಸುದ್ದಿಗೂ ಠಸ್ಸೆ ಬೀಳುವುದು ಅವರ ಮೇಜಿನಲ್ಲೇ.

"ಈಗ ತಾನೆ ಸಹಿ ಹಾಕಿ ಉಗ್ರಾಣಕ್ಕೆ ಕಳಿಸಿದೆನಪ್ಪ. ಓದಲಿಲ್ಲ. ಏನು ವಿಷಯ?"

"ಏನೂ ಇಲ್ಲ ಅಕ್ಕ."

"ಏನೂ ಇಲ್ಲದ ಕಾಗದಕ್ಕೆ ಯಾರಾದ್ರೂ ಹೀಗೆ ಬೆವರ್ತಾರಾ?" ಅಕ್ಕ ಕನ್ನಡಕ ತೆಗೆದರು. ದನಿ ಇಳಿಸಿದರು. "ವರ್ಗಾವಣೆ ಪಟ್ಟಿ ತಾನೇ?"

ಅಲ್ಲ ಎಂದು ಅವನು ತಲೆ ಅಲ್ಲಾಡಿಸಿದ ರೀತಿಯೇ ಹೌದು ಎನ್ನುವಂತಿತ್ತು. ಅವನು ಮೆಟ್ಟಿಲಿಳಿದು ಉಗ್ರಾಣ ಮುಟ್ಟುವಷ್ಟರಲ್ಲಿ ಅಕ್ಕನ ಫೋನು ಅವನಿಗಿಂತ ಮೊದಲು ಮುಟ್ಟಿತ್ತು. ಉಗ್ರಾಣದ ಯಜಮಾನರು ರಟ್ಟಿನ ಪೆಟ್ಟಿಗೆಯ ಮೇಲೆ ಕುಸಿದು ಕೂತಿದ್ದರು.

"ನನ್ನ ಹೆಸರು ಎಷ್ಟನೆಯದು, ಅದೊಂದು ಹೇಳಿಬಿಡಿ. ಈ ಮಂಡಿ ನೋವಲ್ಲಿ ಹೊಸ ಊರಲ್ಲಿ ಮನೆ ಹುಡುಕೋಕಾಗುತ್ತಾ? ಓದದೆ ಸಹಿ ಹಾಕಿ ಮುಂದಕ್ಕೆ ಕಳಿಸಿಬಿಟ್ಟೆ. ಸಹಿ ಹಾಕಿದ್ರೆ ಒಪ್ಪಿದ ಹಾಗೇ ಅಲ್ವಾ?" ಅವರ ಕಣ್ಣಲ್ಲಿ ನೀರಿತ್ತು.

ಪಟ್ಟಿರಾಯನದು ಮೆತ್ತನೆಯ ಮನಸ್ಸು. ಮನೆಯಲ್ಲೂ ಕಚೇರಿಯಲ್ಲೂ ಅವನು ಹಾಳಾದದ್ದು ಅದರಿಂದಲೇ. "ಅಯ್ಯೋ, ವರ್ಗಾವಣೆ ಅಲ್ಲ ಯಜಮಾನ್ರೇ. ಭಾನುವಾರ ಕೆರೆ ಪಾರ್ಕಿಗೆ ಹೋಗೋದರ ಪಟ್ಟಿ ಅದು, ಅಷ್ಟೇ."

ಯಜಮಾನರು ಕಣ್ಣೊರೆಸಿಕೊಂಡರು. ಎರಡು ಸಲ ಉಸಿರೆಳೆದರು. ಮಂಡಿ ನೋವಿನ ಮನುಷ್ಯ ಎದ್ದೇ ನಿಂತರು. "ಹಾಗಾದ್ರೆ ನಾನು ಸಹಿ ಹಾಕಿದೀನಲ್ಲ, ಖಂಡಿತ ಬರ್ತೀನಿ. ಮನೆಯವರನ್ನೂ ಕರ್ಕೊಂಡು ಬರಬಹುದು ತಾನೇ?"

ಊಟದ ಹೊತ್ತಿಗೆ ಕಚೇರಿಗೆ ಕಚೇರಿಯೇ ಮನಸ್ಸಿನಲ್ಲಿ ಕೆರೆ ದಂಡೆಯಲ್ಲಿತ್ತು. ವರ್ಗಾವಣೆ ತಪ್ಪಿದ ಖುಷಿಗೆ ಯಾರೂ ಬೇಡ ಎನ್ನುವ ಸ್ಥಿತಿಯಲ್ಲಿರಲಿಲ್ಲ. ಅಕ್ಕ ಎರಡು ವ್ಯಾನು ಗೊತ್ತು ಮಾಡಿದರು. ಹೆಡ್ ಕ್ಲರ್ಕ್ ಪಟ್ಟಿರಾಯನ ಭುಜ ತಟ್ಟಿ, "ಇಷ್ಟು ವರ್ಷಕ್ಕೆ ಒಂದು ಒಳ್ಳೆ ಸುತ್ತೋಲೆ ಹೊರಡಿಸಿದ್ರಿ," ಎಂದರು.

"ಅಡುಗೆ ವಿಚಾರ ಯಾರೂ ತಲೆ ಕೆಡಿಸ್ಕೋಬೇಡಿ," ಎಂದರು ಅಕ್ಕ. "ಇವರ ಮನೆಯವರು ಎಷ್ಟು ಜನಕ್ಕಾದ್ರೂ ಮಾಡಿ ಹಾಕ್ತಾರಂತೆ."

ಪಟ್ಟಿರಾಯ ಊಟದ ಡಬ್ಬಿ ಮುಚ್ಚಿದ. ಮರದಡಿ ಅರವತ್ತು ಜನಕ್ಕೆ ಈರುಳ್ಳಿ ಹೆಚ್ಚುತ್ತ, ಅವನ ಕಡೆ ಒಂದು ಸಲವೂ ನೋಡದ ಹೆಂಡತಿ ಕಣ್ಣಮುಂದೆ ಬಂದಳು. ಇವರನ್ನೆಲ್ಲ ಹೇಗಾದರೂ ತಡೆಯಬೇಕು.

ಪಟ್ಟಿ ಅಷ್ಟು ಹೊತ್ತಿಗೆ ಸಾಹೇಬರ ಮೇಜು ತಲುಪಿ, ಅವರ ಸಹಿಯನ್ನೂ ಹೊತ್ತು ಕೂತಿತ್ತು. ಅವನು ಒಳಗೆ ಹೋಗಿ ಅದನ್ನು ಮಡಿಸಿ ಜೇಬಿಗೆ ಸೇರಿಸಿದ. ಸಾಹೇಬರು "ಏನ್ರೀ?" ಎಂದಾಗ ಅವನ ಭಯವೇ ಅವನಿಗೊಂದು ಉಪಾಯ ಹೇಳಿಕೊಟ್ಟಿತು.

"ಸಾರ್, ಹಿಂದಿನ ಕೋಣೆಯ ಹಳೆ ಕಡತ ವಿಂಗಡಿಸಿ ಅಂತ ಮೇಲಿನವರು ಕೇಳ್ತಾನೇ ಇದಾರೆ. ಈ ಭಾನುವಾರ ಎಲ್ಲರನ್ನೂ ಕರೆಸಿದ್ರೆ ಒಂದೇ ದಿನಕ್ಕೆ ಮುಗಿಯುತ್ತೆ."

ಸಾಹೇಬರ ಮುಖ ಅರಳಿತು. ಅಲ್ಲೇ ಆದೇಶ ಹೇಳಿದರು, ಪಟ್ಟಿರಾಯ ಅಲ್ಲೇ ಟೈಪ್ ಮಾಡಿದ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲ ಸಿಬ್ಬಂದಿ ತಪ್ಪದೆ ಹಾಜರಿರಬೇಕು. ಕೊನೆಗೆ ತನ್ನದೊಂದು ಸಾಲು ಸೇರಿಸಿದ: 'ದಾಖಲೆ ವಿಭಾಗದ ಗುಮಾಸ್ತರಿಗೆ ಇದು ಅನ್ವಯಿಸುವುದಿಲ್ಲ.'

ಯಾವ ಕಾಗದವನ್ನೂ ಓದದ ಸಾಹೇಬರು, ಇದು ತಮ್ಮದೇ ವಾಕ್ಯಗಳೆಂಬ ಪ್ರೀತಿಯಿಂದ ಇದನ್ನು ಮಾತ್ರ ಮೊದಲಿಂದ ಕೊನೆಯ ತನಕ ಓದಿದರು.

"ದಾಖಲೆ ವಿಂಗಡಿಸೋಕೆ ದಾಖಲೆ ವಿಭಾಗದವರೇ ಇಲ್ಲದಿದ್ರೆ ಹೇಗ್ರೀ?" ಕೊನೆಯ ಸಾಲನ್ನು ಹೊಡೆದುಹಾಕಿ 'ಉಸ್ತುವಾರಿ: ಇವರೇ' ಎಂದು ಬರೆದರು. ಕೋಣೆಯ ಕೀಲಿಯನ್ನೂ ಅವನ ಕೈಗಿಟ್ಟರು.

ಹೊರಗೆ ಬಂದಾಗ ಪಟ್ಟಿರಾಯನಿಗೆ ಅಳು ಬರುವಂತಾಗಿತ್ತು. ಆದರೂ ಸಮಾಧಾನ ಮಾಡಿಕೊಂಡ. ಈ ವಾರ ಯಾರಿಗೂ ಇಲ್ಲ. ಮುಂದಿನ ಭಾನುವಾರ ಸದ್ದಿಲ್ಲದೆ ಇಬ್ಬರೇ ಹೋದರಾಯಿತು. ಆದೇಶ ಅರ್ಧ ಗಂಟೆಯಲ್ಲಿ ಎಲ್ಲರ ಸಹಿ ಹೊತ್ತು ವಾಪಸು ಬಂತು. ಬೆಳಿಗ್ಗೆ ಕಲಿತ ಪಾಠವನ್ನು ಅವನು ಮಧ್ಯಾಹ್ನಕ್ಕೇ ಮರೆತಿದ್ದ.

ಸಂಜೆ ಮನೆಗೆ ಬಂದಾಗ ಹೆಂಡತಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು.

"ನಿಮ್ಮ ಆಫೀಸಿನ ಅಕ್ಕ ಫೋನ್ ಮಾಡಿದ್ರು," ಎಂದಳು. "ಎರಡು ವ್ಯಾನಂತೆ, ಅರವತ್ತು ಜನವಂತೆ."

ಪಟ್ಟಿರಾಯ ಬಾಗಿಲಲ್ಲೇ ನಿಂತ. "ಇಲ್ಲ ಇಲ್ಲ, ಅದೆಲ್ಲ ರದ್ದಾಗಿದೆ. ಭಾನುವಾರ ಎಲ್ಲರಿಗೂ ಆಫೀಸು. ಎಲ್ಲರೂ ಸಹಿ ಹಾಕಿದಾರೆ, ನಾನೇ ನೋಡಿದೀನಿ."

"ಆ ಕಾಗದವಾ? ವ್ಯಾನಿನ ಸೀಟಿಗೆ ಅಂದ್ಕೊಂಡು ಎಲ್ಲರೂ ಸಹಿ ಹಾಕಿದ್ರಂತೆ." ಅವಳು ಸೀರೆ ಮಡಿಸಿದಳು. "ಅಡುಗೆ ಮಾಡಲ್ಲ ಅಂತ ಅವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳ್ದೆ. ಪಾಪ, ಅಡುಗೆಯವರನ್ನ ಗೊತ್ತು ಮಾಡ್ತೀನಿ, ನೀನು ಆರಾಮಾಗಿ ಬಾ ಅಂದ್ರು. ಒಪ್ಕೊಂಡೆ. ಒಂಬತ್ತು ವರ್ಷ ನೀವು ಯಾರಿಗೂ ಇಲ್ಲ ಅನ್ನಲಿಲ್ಲ. ನಾನು ಒಂದು ಸಲ ಅಂದೆ, ಸರಿಹೋಯ್ತು."

"ನನಗೆ ಆಫೀಸಿದೆ ಕಣೇ," ಎಂದ ಅವನು ಸಣ್ಣ ದನಿಯಲ್ಲಿ. "ಉಸ್ತುವಾರಿ ನನ್ನದೇ."

ಅವಳು ಇಸ್ತ್ರಿಪೆಟ್ಟಿಗೆ ಆರಿಸಿದಳು. ಬೈಯಲಿಲ್ಲ. ಫೋನು ತೆಗೆದು, "ಅಕ್ಕ, ಇವರು ಬರೋದಿಲ್ಲವಂತೆ, ನಾನೊಬ್ಬಳೇ ಬರ್ತೀನಿ," ಎಂದು ಹೇಳಿ ಒಳಗೆ ಹೋದಳು.

ಪಟ್ಟಿರಾಯ ತನ್ನ ಫೋನು ಹಿಡಿದು ಕೂತ. ಒಬ್ಬೊಬ್ಬರಿಗೂ ಫೋನ್ ಮಾಡಿ ಆದೇಶ ಓದಿ ಹೇಳಿದರೆ ಎಲ್ಲರೂ ಭಾನುವಾರ ಕಚೇರಿಯಲ್ಲಿರುತ್ತಾರೆ, ಅವಳ ಮೂರನೆಯ ಸಲವನ್ನೂ ತಾನೇ ಕೆಡಿಸಿದಂತಾಗುತ್ತದೆ. ಹೇಳದಿದ್ದರೆ ಸಾಹೇಬರಿಗೆ ಏನು ಉತ್ತರ? ಹೀಗೆ ಒದ್ದಾಡುವಾಗಲೇ ಸಾಹೇಬರದೇ ಫೋನು ಬಂತು.

"ಏನ್ರೀ, ಭಾನುವಾರ ಅದೇನೋ ಕೆರೆ ಪಾರ್ಕಿಗೆ ಸಿಬ್ಬಂದಿ ಪ್ರವಾಸವಂತೆ. ನಾನೇ ಸಹಿ ಹಾಕಿ ಒಪ್ಪಿದೀನಂತೆ. ಸಹಿ ಹಾಕಿದ ಮೇಲೆ ನಾನು ಹೋಗದೆ ಇದ್ರೆ ಚೆನ್ನಾಗಿರಲ್ಲ. ಉಳಿದವರಿಗೆಲ್ಲ ವಿನಾಯಿತಿ ಕೊಟ್ಟಿದೀನಿ. ಕೀಲಿ ನಿಮ್ಮ ಹತ್ರಾನೇ ಇದೆಯಲ್ಲ, ವಿಂಗಡಣೆ ನೀವೊಬ್ಬರೇ ಸಂಜೆಯೊಳಗೆ ಮುಗಿಸಿಬಿಡಿ."

"ಆಗಲಿ ಸಾರ್."

"ವ್ಯಾನು ಪೂರ್ತಿ ತುಂಬಿತ್ತಂತೆ ಕಣ್ರೀ. ನನ್ನ ಅದೃಷ್ಟ, ಈಗ ತಾನೆ ಕಿಟಕಿ ಪಕ್ಕ ಒಂದು ಸೀಟು ಖಾಲಿಯಾಯ್ತಂತೆ. ಪಾಪ, ಯಾರಿಗೋ ಕೊನೆ ಗಳಿಗೆಯಲ್ಲಿ ಆಫೀಸಿನ ಕೆಲಸ ಬಿತ್ತಂತೆ."