ಗುಮಾಸ್ತ ಟೆಲ್ಬಿಯ ಗುಟ್ಟು

ಬುಧವಾರ ಬೆಳಿಗ್ಗೆ ನಟ ಮೆರ್ವಿನ್ ಟುಲೋಚ್‌ನ ಕೈಸೇರಿದ ಚಿತ್ರಕತೆಯಲ್ಲಿ ಅವನ ಪಾಲಿನ ಮಾತು ಮೂರೂವರೆ ಪುಟ ಇತ್ತು. ಮೂರು ವರ್ಷದಲ್ಲಿ ಆ ಟಿವಿ ಧಾರಾವಾಹಿಯಲ್ಲಿ ಅವನು ಆಡಿದ್ದು ಒಟ್ಟು ಹನ್ನೊಂದು ಮಾತು. ಅದರಲ್ಲಿ ಒಂಬತ್ತು 'ಅಪ್ಪಣೆ, ದೊರೆ'.

ಕತೆ ಬೇರೊಂದು ಗ್ರಹದ್ದು. ಹೊರಗಿನಿಂದ ಬಂದ ಖಾರ್ ಎಂಬ ಜನ ಅದನ್ನು ಹಿಡಿದಿದ್ದರು, ಅಲ್ಲಿಯವರು ಕದ್ದುಮುಚ್ಚಿ ಹೋರಾಡುತ್ತಿದ್ದರು. ಮೆರ್ವಿನ್ ರಬ್ಬರಿನ ಕಿವಿ ಅಂಟಿಸಿಕೊಂಡು ಖಾರ್ ದೊರೆಯ ಕಚೇರಿಯಲ್ಲಿ ಗುಮಾಸ್ತ ಟೆಲ್ಬಿಯಾಗಿ ನಿಂತಿರುತ್ತಿದ್ದ. ಹೋದ ಭಾನುವಾರದ ಕಂತಿನಲ್ಲಿ ಟೆಲ್ಬಿ ಹೋರಾಟಗಾರರ ಅಡಗುತಾಣಗಳ ಪಟ್ಟಿಯನ್ನು ಸೈನಿಕರ ಕೈಗಿಟ್ಟಿದ್ದ. ಅಂದಿನಿಂದ ಹೆಂಡರ್ಸನ್ ಬಡಾವಣೆಯ ಅವನ ಬೀದಿಯಲ್ಲಿ ನಾಯಿ ಕೂಡ ಅವನತ್ತ ಬಾಲ ಅಲ್ಲಾಡಿಸುತ್ತಿರಲಿಲ್ಲ.

ಹೊಸ ಚಿತ್ರಕತೆ ಹೇಳುತ್ತಿದ್ದದ್ದೇ ಬೇರೆ. ಟೆಲ್ಬಿ ಕೊಟ್ಟದ್ದು ಸುಳ್ಳು ಪಟ್ಟಿ. ಮೂರು ವರ್ಷದಿಂದ ಹೋರಾಟಗಾರರಿಗೆ ಒಳಗಿನ ಸುದ್ದಿ ಮುಟ್ಟಿಸುತ್ತಿದ್ದವನು ಅವನೇ. ಮೊದಲ ಪುಟದಲ್ಲಿ ಕೆಂಪಕ್ಷರ: ಯಾರಿಗೂ ಹೇಳಕೂಡದು. ಹೇಳುವುದಿಲ್ಲವೆಂದು ಮೆರ್ವಿನ್ ಸಹಿ ಮಾಡಿಯೂ ಕೊಟ್ಟಿದ್ದ.

ಆ ಸಂತೋಷದಲ್ಲಿ ಅವನು ಮೂಲೆಯ ಬೇಕರಿಗೆ ಹೋದ. ಬೇಕರಿ ಕಾಂಬೋಡಿಯಾದ ಸೊಖಾನದು.

"ಒಂದು ಸ್ಟೇಕ್ ಪೈ ಕೊಡು ಸೊಖಾ."

"ಮುಗೀತು."

ಗಾಜಿನ ಹಿಂದೆ ಮಾಂಸ ತುಂಬಿದ ಆರು ಪೈಗಳು ಹಬೆಯಾಡುತ್ತಿದ್ದವು. "ಮತ್ತೆ ಅವು?"

"ಅವು ಮಾನವಂತರಿಗೆ. ನಿನ್ನೇದು ಒಂದಿದೆ, ಬೇಕಾದ್ರೆ ತಗೋ." ಸೊಖಾ ದನಿ ತಗ್ಗಿಸಿದ. "ಟಿವಿ ಅಂತ ನಂಗೂ ಗೊತ್ತು ಮಾರಾಯ. ಆದ್ರೆ ನಮ್ಮಪ್ಪ ಕಾಂಬೋಡಿಯಾದಲ್ಲಿ, ಆ ನರಮೇಧದ ಕಾಲದಲ್ಲಿ, ಇಂಥ ಗುಮಾಸ್ತರನ್ನ ಕಣ್ಣಾರೆ ಕಂಡೋರು. ಪಟ್ಟಿ ಕೊಡೋರನ್ನ. ನಿಂಗೆ ಬಿಸಿದು ಕೊಡೋಕೆ ಕೈ ಬರಲ್ಲ ಕಣೋ."

ಮೆರ್ವಿನ್ ತುಟಿ ಕಚ್ಚಿಕೊಂಡು ನಿನ್ನೆಯ ಪೈ ಹಿಡಿದು ಮನೆಗೆ ಬಂದ. ಬೇಲಿಯಾಚೆ ಸೆಫಿನಾ ಗಿಡಕ್ಕೆ ನೀರು ಬಿಡುತ್ತಿದ್ದಳು. ಎಪ್ಪತ್ತು ದಾಟಿದ, ಸಮೋವಾ ದ್ವೀಪದ ಹೆಂಗಸು. ಚರ್ಚಿನ ಹಾಡುಗಾರರಿಗೂ ಇಡೀ ಬೀದಿಗೂ ಅವಳೇ ಯಜಮಾನಿ. ಹೆಂಡತಿ ತೀರಿಕೊಂಡ ಮೇಲೆ ಮೆರ್ವಿನ್‌ನ ಶನಿವಾರದ ಊಟ ಅವಳ ಮನೆಯಲ್ಲೇ ಆಗುತ್ತಿತ್ತು.

"ಈ ಶನಿವಾರ ಮೊಮ್ಮಗಳಿಗೆ ಇಪ್ಪತ್ತೊಂದು ತುಂಬುತ್ತೆ," ಎಂದಳು. "ನೀನು ಬರೋದು ಬೇಡಪ್ಪ. ಜನ ಊಟ ಬಿಟ್ಟು ನಿನ್ನ ಮುಖ ನೋಡ್ತಾರೆ."

"ಆಂಟಿ, ಅದು ಬರೀ ನಾಟಕ."

"ಇರಬಹುದು. ಆದ್ರೆ ಆ ಪಟ್ಟಿ ಕೊಡುವಾಗ ನೀನು ನಗ್ತಾ ಇದ್ದೆ. ನಗೋಕೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಕ್ಯಾಮೆರಾ ತನ್ನ ಕಡೆ ತಿರುಗಿತಲ್ಲ ಎಂಬ ಖುಷಿಗೆ ಬಂದ ನಗು ಅದು. ಮೆರ್ವಿನ್‌ಗೆ ಇನ್ನು ತಡೆಯಲಾಗಲಿಲ್ಲ. ಬೇಲಿಯ ಮೇಲೆ ಬಾಗಿ ಅವಳ ಕಿವಿಯಲ್ಲಿ ಎಲ್ಲವನ್ನೂ ಉಸುರಿದ.

ಸೆಫಿನಾ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಬೈಬಲ್ ಆಣೆ. ನನ್ನ ಬಾಯಿ ಗೋರಿ ಇದ್ದಂಗೆ."

ಗೋರಿಗೆ ಬಾಗಿಲು ನಾಲ್ಕಿದ್ದವು. ಮೆರ್ವಿನ್ ಸ್ನಾನ ಮುಗಿಸಿ ಚಿತ್ರೀಕರಣಕ್ಕೆ ಹೊರಡಲು ಕಾರು ತೆಗೆಯುವಷ್ಟರಲ್ಲಿ ಸೊಖಾ ಅಡ್ಡ ಬಂದು ಕಿಟಕಿಯೊಳಗೆ ಎರಡು ಬಿಸಿ ಪೈ ತುರುಕಿದ. "ನಂಗೇನೂ ಗೊತ್ತಿಲ್ಲ, ನೀನೇನೂ ಹೇಳ್ಬೇಡ," ಎಂದು ಕಣ್ಣೊರೆಸಿಕೊಂಡ. ಪೆಟ್ರೋಲ್ ಬಂಕಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಎಡಗೈಯನ್ನು ಹಣೆಗೆ ಮುಟ್ಟಿಸಿದಳು. ಅದು ಧಾರಾವಾಹಿಯ ಹೋರಾಟಗಾರರ ಸನ್ನೆ. ಸ್ಟುಡಿಯೋದ ಗೇಟಿನಲ್ಲಿ ಕಾವಲುಗಾರನೂ ಅದನ್ನೇ ಮಾಡಿ, ನಿರ್ಮಾಪಕಿ ಕರೆಯುತ್ತಿದ್ದಾಳೆ ಎಂದ.

ನಿರ್ಮಾಪಕಿ ನೈರಿ ಬಾಗಿಲು ಹಾಕಿದಳು. ಅವಳ ಮೇಜಿನ ಮೇಲೆ ಚಿತ್ರಕತೆಗಳ ಸಾಲು.

"ಟೆಲ್ಬಿ ಹೋರಾಟಗಾರರ ಕಡೆಯೋನು ಅಂತ ನನ್ನ ಮಗಳೇ ಶಾಲೆಯಿಂದ ಫೋನ್ ಮಾಡಿದ್ಲು, ಮೆರ್ವಿನ್."

ಮೆರ್ವಿನ್ ಕುರ್ಚಿ ಎಳೆದುಕೊಂಡು ಕೂತ.

"ಹೋದ ವರ್ಷದಿಂದ ಕತೆ ಸೋರ್ತಾ ಇದೆ," ಎಂದಳು ನೈರಿ. "ಯಾರಿಂದ ಅಂತ ಹಿಡಿಯೋಕೆ ಚಿಕ್ಕ ಪಾತ್ರದ ಹನ್ನೆರಡು ಜನಕ್ಕೂ ಬೇರೆ ಬೇರೆ ಚಿತ್ರಕತೆ ಕಳಿಸಿದ್ವಿ. ಅಡುಗೆಯವಳ ಪ್ರತೀಲಿ ಅಡುಗೆಯವಳೇ ಗುಪ್ತ ಹೋರಾಟಗಾರ್ತಿ. ಕ್ಷೌರಿಕನ ಪ್ರತೀಲಿ ಅವನು. ನಿಮ್ಮದ್ರಲ್ಲಿ ನೀವು."

"ಹಂಗಾದ್ರೆ ಆ ಪಟ್ಟಿ? ಸುಳ್ಳು ಪಟ್ಟಿ ಅಲ್ವಾ?"

"ನಿಜವಾದದ್ದೇ."

ಮೆರ್ವಿನ್‌ಗೆ ಕೆಲಸ ಹೋಗುವುದಕ್ಕಿಂತ ಅದೇ ಹೆಚ್ಚು ನೋವಾಯಿತು. "ಹೋದ ವರ್ಷದ್ದು ನಾನಲ್ಲ," ಎಂದ. ಅದು ಸತ್ಯ. ಹೋದ ವರ್ಷ ಅವನಿಗೆ ಯಾರೂ ಏನನ್ನೂ ಹೇಳಿರಲಿಲ್ಲ.

"ಈ ವರ್ಷ ಯಾರಿಗೆ ಹೇಳಿದ್ರಿ? ಹೆಸರು ಕೊಡಿ. ವಕೀಲರು ಅವರ ಹತ್ರ ಮಾತಾಡ್ಲಿ, ನಿಮ್ಮ ಪಾತ್ರ ಉಳಿಯುತ್ತೆ."

ಮೆರ್ವಿನ್ ಬೇಲಿಯಾಚೆಯ ಮುದುಕಿಯನ್ನು ನೆನೆದ. ವಕೀಲರ ಕಾಗದ ಕಂಡರೆ ಅವಳ ರಕ್ತದೊತ್ತಡ ಏನಾದೀತು?

"ಯಾರಿಗೂ ಹೇಳಿಲ್ಲ," ಎಂದ. "ನಿದ್ದೇಲಿ ಮಾತಾಡಿರಬೇಕು. ಕಿಟಕಿ ತೆಗೆದಿತ್ತು."

ನೈರಿ ಎಷ್ಟು ಕೇಳಿದರೂ ಅವನು ಕಿಟಕಿಯ ಕತೆಯನ್ನು ಬಿಟ್ಟು ಆಚೀಚೆ ಕದಲಲಿಲ್ಲ. ಕೊನೆಗೆ ಅವಳು ಒಂದೇ ಒಂದು ಹಾಳೆ ಕೊಟ್ಟಳು. ಅದರಲ್ಲಿ ಟೆಲ್ಬಿಗೆ ಒಂದೇ ಮಾತು. ಅಡುಗೆಯವಳತ್ತ ಬೆರಳು ತೋರಿಸಿ ಸೈನಿಕರಿಗೆ 'ಇವಳೇ' ಎನ್ನಬೇಕು. ಆಮೇಲೆ ಸೈನಿಕರು ಅವನಿಗೂ ಗುಂಡಿಕ್ಕುತ್ತಾರೆ.

ಮೆರ್ವಿನ್ ನಾಲ್ಕು ಗಂಟೆಗೆ ಸತ್ತ. ಸಾಯುವುದನ್ನು ತೀರಾ ಎಳೆದನೆಂದು ಏಳು ಸಲ ಸಾಯಿಸಿದರು. ಹೊಸ ಗುಟ್ಟಿಗೆ ಹೊಸ ಸಹಿ ಹಾಕಿ, ಕಿವಿ ಕಿತ್ತಿಟ್ಟು ಮನೆಗೆ ಬಂದರೆ ಅಂಗಳದ ತುಂಬ ಜನ. ಮೇಜಿನ ಮೇಲೆ ಹಂಡೆಯಷ್ಟು ದೊಡ್ಡ ಪಾತ್ರೆಯಲ್ಲಿ ಶಾವಿಗೆ ಮಾಂಸ. ಸೆಫಿನಾ ಅವನ ಕೊರಳಿಗೆ ಹೂಮಾಲೆ ಹಾಕಿ, ಮೂವತ್ತು ಜನರ ಮುಂದೆ ಹೇಳಿದಳು: "ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

ಸೊಖಾ ಮುಂದೆ ಬಂದ. "ಅಪ್ಪನಿಗೆ ಹೇಳ್ದೆ. ನಮ್ಮೂರಲ್ಲೂ ಇಂಥ ಗುಮಾಸ್ತ ಒಬ್ಬ ಇದ್ದಿದ್ರೆ ಅಂದ್ರು. ಅವರು ಟಿವಿ ಮುಂದೆ ಕೂತವರೇ ಅಲ್ಲ. ನಿನ್ನ ನೋಡೋಕೆ ಬರ್ತಾರಂತೆ."

"ಆ ಕಂತು ಯಾವತ್ತು?" ಎಂದಳು ಸೆಫಿನಾ.

"ಜೂನ್‌ನಲ್ಲಿ. ಮೊದಲನೇ ಭಾನುವಾರ."

"ಸರಿ. ಅವತ್ತು ಬೀದಿಯೋರೆಲ್ಲ ನಿನ್ನ ಮನೇಲೇ. ದೊಡ್ಡ ಟಿವಿ ನನ್ನ ಅಳಿಯ ತರ್ತಾನೆ. ಸೊಖಾನ ಅಪ್ಪನಿಗೆ ಮುಂದಿನ ಕುರ್ಚಿ."

ಮೆರ್ವಿನ್ ಏನೋ ಹೇಳಲು ಬಾಯಿ ತೆರೆದ. ಸೆಫಿನಾ ಅದರೊಳಗೆ ಒಂದು ಚಮಚ ಶಾವಿಗೆ ಇಟ್ಟಳು.

"ಬೇಡಪ್ಪ, ಹೇಳಬೇಡ. ಎಷ್ಟಾದ್ರೂ ಸಹಿ ಮಾಡಿದೋನು ನೀನು."