ಪುಕ್ಕಟೆ ಸಿಕ್ಕ 'ತೂ'

ಯೂನಿಫಾರ್ಮಿಗೆ ಸಂಬಳದಲ್ಲಿ ಸಾವಿರದಿನ್ನೂರು ಕಡಿತ, ಬೂಟಿಗೆ ಆರುನೂರು, ಊದುವ ಸೀಟಿಗೆ ನಲವತ್ತು. ಮುಂಬಯಿ ಚೆಂಬೂರಿನ ಆ ಬಿಲ್ಡಿಂಗಿನಲ್ಲಿ ವಾಚ್‌ಮನ್ ಅಣವೀರಪ್ಪನಿಗೆ ಪುಕ್ಕಟೆ ಸಿಗುತ್ತಿದ್ದುದು ಒಂದೇ: ಹಿಂದಿಯ 'ತೂ'. ನಮ್ಮ 'ಲೇ, ನೀನು' ಇದ್ದ ಹಾಗೆ. ಹನ್ನೊಂದು ವರ್ಷದಲ್ಲಿ ಒಬ್ಬರಾದರೂ ಮರ್ಯಾದೆಯಿಂದ 'ಆಪ್', 'ತಾವು' ಅಂದಿರಲಿಲ್ಲ. ಕೆಲಸ ಬಿಡುವುದರೊಳಗೆ ಒಮ್ಮೆ ಅನ್ನಿಸಿಕೊಂಡರೆ ಸಾಕೆಂದು ಅವನ ಆಸೆ.

ಅವತ್ತು ಬೆಳಿಗ್ಗೆ, ಅವನ ಕಿರಿಮಗನ ವಯಸ್ಸಿನ ಬಿಲ್ಡಿಂಗ್ ಕಮಿಟಿಯ ಸೆಕ್ರೆಟರಿ ರೋಶನ್, ನಿದ್ದೆ ಹೊಡೀತಿದ್ದೀಯಾ ಎಂದು ಕಾರಿನೊಳಗಿಂದಲೇ ಕೂಗಿದ: "ಏ, ತೂ ಸೋಯಾ ಹೈ ಕ್ಯಾ? ಗೇಟ್ ಖೋಲ್!"

ಐವತ್ತೆಂಟರ ಅಣವೀರಪ್ಪ ಒಗ್ಗರಣೆಯ ಸಾಸಿವೆಯಂತೆ ಸಿಡಿದ, ಸಿಡಿದದ್ದು ಬಾಯೊಳಗೇ.

ಎರಡನೇ ಮಹಡಿಯ ವಿನೋದಿನಿ ಮೇಡಂ ಮಂಗಳೂರಿನವರು, ಕಾಲೇಜಿನಲ್ಲಿ ಜರ್ಮನ್ ಕಲಿಸಿ ನಿವೃತ್ತರಾದವರು. ಅವರ ತರಕಾರಿ ಚೀಲ ಹೊತ್ತು ಮೆಟ್ಟಿಲು ಹತ್ತುತ್ತಾ ಗೋಳು ತೋಡಿಕೊಂಡ.

"ಅದಕ್ಕೆಂತ ಬೇಜಾರು ಮಾರಾಯಾ? ಹಳೇ ರೋಮಿನವರಿಗೂ ತೂ, ಇಟಲಿಯಲ್ಲೂ ತೂ, ಜರ್ಮನಿಯಲ್ಲಿ ದೂ, ರಷ್ಯಾದಲ್ಲಿ ತೀ, ಇಂಗ್ಲಿಷರಿಗೆ ಹಿಂದೆ ದೌ. ಎಲ್ಲ ಒಂದೇ ಅಜ್ಜಿಯ ಮೊಮ್ಮಕ್ಕಳು, ನಮ್ಮ ಹಿಂದಿ-ಮರಾಠಿಯದ್ದೂ ಸೇರಿ. ದೇವರಿಗೂ ಅದನ್ನೇ ಹೇಳುವುದು! ಇಂಗ್ಲಿಷರು ಮಾತ್ರ ಎಲ್ಲರಿಗೂ ಮರ್ಯಾದೆಯ ಯೂ ಹಂಚಿ ಹಂಚಿ ದೌ ಕಳಕೊಂಡರು. ಈಗ ರಾಜನಿಗೂ ಯೂ, ನಾಯಿಗೂ ಯೂ."

"ಹಂಗಾರ ತೂ ಅಂದ್ರ ಬೈಗುಳ ಅಲ್ರೀ?"

"ಛೆ! ಸಾವಿರಾರು ವರ್ಷದ ಮನೆತನ ಅದಕ್ಕೆ."

ಇಷ್ಟು ದೊಡ್ಡ ಮನೆತನದ ಮಾತನ್ನು ತಾನೊಬ್ಬನೇ ಇಟ್ಟುಕೊಳ್ಳುವುದೇಕೆ? ಅಣವೀರಪ್ಪ ಹಂಚತೊಡಗಿದ. ಎಲ್ಲಿಗೋ ಹೊರಟಿದ್ದ ಖಜಾಂಚಿಗೆ "ತೂ ಕಿಧರ್ ಚಲಾ?" ಎಂದ, ಅವರ ಬಾಯಿಯ ಪಾನ್ ಬಿಳಿ ಅಂಗಿಗಿಳಿಯಿತು. ಸ್ಕೂಟರ್ ಅಡ್ಡ ನಿಲ್ಲಿಸಿದ್ದ ನೆಲಮಹಡಿಯ ರಂಜನಾಗೆ "ತೂ ಸ್ಕೂಟರ್ ಹಟಾ" ಎಂದ. ಸಂಜೆ ರೋಶನ್‌ನ ಕಾರು ಹಾರ್ನ್ ಹೊಡೆಯುತ್ತ ಬಂದಾಗ, ಕಿವಿ ತೋರಿಸಿ, "ತೂ ಹಾರ್ನ್ ಮತ್ ಬಜಾ, ಮೇರೇಕೋ ಕಾನ್ ಹೈ!"

ಐದೇ ನಿಮಿಷದಲ್ಲಿ ಲಿಫ್ಟಿನೆದುರು ಕಮಿಟಿ ಸೇರಿತು. ಅಣವೀರಪ್ಪ ಅಂಜಲಿಲ್ಲ. ರೋಮ್, ಇಟಲಿ, ಜರ್ಮನಿ ಒಪ್ಪಿಸಿದ, ರಷ್ಯಾ ಮರೆತುಹೋಯಿತು. ಅಷ್ಟರಲ್ಲಿ ಗಲಾಟೆ ಕೇಳಿ ಮೇಡಂ ಇಳಿದು ಬಂದರು. ಸಾಕ್ಷಿ ಸಿಕ್ಕಿತೆಂದು ಹಿಗ್ಗಿ ಹೀರೇಕಾಯಿಯಾದ.

"ಏ ವಿನೋದಿನಿ, ನೀನಾರ ಹೇಳ ಇವರಿಗೆ!"

ಮೇಡಂ ಮುಖ ಸೀದ ದೋಸೆಯಾಯಿತು. "ನೀನಾ? ನಾನೆಂತ ನಿನ್ನ ಜೊತೆ ಗೋಲಿ ಆಡಿದವಳಾ? ರೋಶನ್, ಇವನನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ?"

ರೋಶನ್ ಈ ಸಲ ಕೂಗಲಿಲ್ಲ. ಕೈಮುಗಿದು, ತಣ್ಣಗೆ ಹೇಳಿದ: "ಅಣವೀರಪ್ಪಜೀ, ಆಪ್ ಕಲ್ ಸೇ ಮತ್ ಆಯಿಯೇ."

ಹನ್ನೊಂದು ವರ್ಷಕ್ಕೆ ಒಂದು 'ಆಪ್' ಸಿಕ್ಕಿತು. ಮರುದಿನದಿಂದ ಕೆಲಸ ಹೋಯಿತು. ಯೂನಿಫಾರ್ಮ್, ಬೂಟು ವಾಪಸು ಕೊಡಬೇಕಾಯಿತು. ಬಾಯಿಗಿಟ್ಟ ಸೀಟಿ ಯಾರಿಗೂ ಬೇಡವಾಗಿದ್ದರಿಂದ ಅದೊಂದು ಉಳಿಯಿತು.